ಹೊರೆ ಇಳಿಸಿಕೊಳ್ಳಲು ತಲೆ ತಗ್ಗಬೇಕು

(ಕ್ರೈಸ್ತ ನಂಬಿಕೆ ಮತ್ತು ಕಷ್ಟದ ದಿನಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭಿಕರು ಚೀಟಿಯಲ್ಲಿ ಬರೆದು ಕಳಿಸಿದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಸ್ನೇಹಿತರೇ,

ಕಷ್ಟದಲ್ಲಿರುವವರ ಮುಂದೆ ನಿಂತು ಕಷ್ಟದ ಬಗ್ಗೆ ಭಾಷಣ ಮಾಡುವುದು ಅಪಾಯದ ಕೆಲಸ. ನಿಮ್ಮಲ್ಲಿ ಯಾರು ಮೊನ್ನೆ ಮೊನ್ನೆ ತಮ್ಮವರನ್ನು ಮಣ್ಣು ಮಾಡಿ ಬಂದಿದ್ದೀರೋ, ಯಾರ ಕೈಯಲ್ಲಿ ಆಸ್ಪತ್ರೆಯ ರಿಪೋರ್ಟ್ ಇದೆಯೋ, ಯಾರ ಕೆಲಸ ಹೋಗಿದೆಯೋ ನನಗೆ ಗೊತ್ತಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಿಮಗೇ ಯಾಕೆ ಈ ಕಷ್ಟ ಬಂತು ಅಂತ ವಿವರಿಸಲು ನಾನು ಹೋಗುವುದಿಲ್ಲ. ಬೈಬಲ್ಲಿನಲ್ಲಿ ಆ ಕೆಲಸಕ್ಕೆ ಕೈಹಾಕಿದ ಮೂವರಿಗೆ ಏನಾಯಿತು ಅಂತ ಇನ್ನು ಸ್ವಲ್ಪ ಹೊತ್ತಿಗೆ ನೋಡೋಣ.

ಬೈಬಲ್ಲಿನಲ್ಲಿ ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರದ 5ನೇ ಅಧ್ಯಾಯದಲ್ಲಿ ಎರಡು ವಚನಗಳು ಅಕ್ಕಪಕ್ಕ ಇವೆ, 6 ಮತ್ತು 7. ಏಳನೆಯದು ಬಹಳ ಜನರಿಗೆ ಬಾಯಿಪಾಠ. ನಿಮ್ಮ ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿರಿ, ಆತನು ನಿಮ್ಮ ಬಗ್ಗೆ ಚಿಂತಿಸುತ್ತಾನೆ ಅನ್ನುವ ಮಾತು. ಗೋಡೆಯ ಮೇಲೆ ಬರೆಸಿ ಹಾಕುತ್ತೇವೆ, ದುಃಖದಲ್ಲಿರುವವರಿಗೆ ಕಳಿಸುತ್ತೇವೆ. ಆರನೆಯ ವಚನ ಮಾತ್ರ ಗೋಡೆಗೆ ಬರುವುದು ಕಡಿಮೆ. ಅಲ್ಲಿ ಪೇತ್ರ ಹೇಳುವುದು, ದೇವರ ಕೈಕೆಳಗೆ ನಿಮ್ಮನ್ನು ತಗ್ಗಿಸಿಕೊಳ್ಳಿ ಅಂತ. ಮೊದಲು ತಗ್ಗುವುದು, ಆಮೇಲೆ ಚಿಂತೆ ಹಾಕುವುದು. ಎರಡೂ ಒಂದೇ ಉಸಿರಿನ ಮಾತು. ಪೇತ್ರ ಇದನ್ನು ಬರೆದದ್ದು ನೆಮ್ಮದಿಯಾಗಿದ್ದವರಿಗಲ್ಲ. ಪೊಂತ, ಗಲಾತ್ಯ, ಕಪ್ಪದೋಕ್ಯ ಮುಂತಾದ ಸೀಮೆಗಳಲ್ಲಿ ಚದುರಿಹೋಗಿ, ನಂಬಿಕೆಗಾಗಿ ನಿಂದೆ ಕೇಳುತ್ತಿದ್ದವರಿಗೆ.

ತಲೆಯ ಮೇಲೆ ದೊಡ್ಡ ಹೊರೆ ಹೊತ್ತವರನ್ನು ನೋಡಿದ್ದೀರಲ್ವಾ? ಒಬ್ಬರೇ ಇಳಿಸಿದರೆ ಕುತ್ತಿಗೆ ಉಳುಕುತ್ತದೆ. ಪಕ್ಕದವರನ್ನು ಕರೆಯಬೇಕು. ಕರೆದ ಮೇಲೆ ಸ್ವಲ್ಪ ತಗ್ಗಲೂ ಬೇಕು, ಇಲ್ಲದಿದ್ದರೆ ಅವರ ಕೈಗೆ ಹೊರೆ ಎಟುಕುವುದಿಲ್ಲ. ನಾನು ಈವತ್ತು ಹೇಳಬೇಕೆಂದಿರುವುದು ಇಷ್ಟೇ. ಕ್ರೈಸ್ತ ನಂಬಿಕೆಯಲ್ಲಿ ನಮ್ರತೆ ಅನ್ನುವುದು ನಮ್ಮನ್ನು ನಾವೇ ಹೀಗಳೆಯುವುದಲ್ಲ, ಹೊರೆ ಇಳಿಸಿಕೊಳ್ಳಲು ಒಪ್ಪುವುದು. ಕಷ್ಟದಲ್ಲಿ ಮುರಿಯದೆ ಉಳಿಯುವ ಶಕ್ತಿ ಆ ಒಪ್ಪಿಗೆಯಿಂದ ಬರುತ್ತದೆ.

ಆದರೆ ನಾವು ಕಲಿತಿರುವುದು ಬೇರೆ. ಗಟ್ಟಿಗರು ಅಂದರೆ ಅಳದವರು, ಯಾರ ಮುಂದೆಯೂ ಕೈಚಾಚದವರು, "ಏನೂ ಇಲ್ಲ, ಚೆನ್ನಾಗಿದ್ದೀನಿ" ಅನ್ನುವವರು. ಕ್ರೈಸ್ತ ಸಭೆಗಳಲ್ಲಿ ಇದಕ್ಕೆ ಭಕ್ತಿಯ ಬಣ್ಣವೂ ಬಂದುಬಿಟ್ಟಿದೆ. ನಂಬಿಕೆ ಇದ್ದವರು ಕುಗ್ಗಬಾರದಂತೆ, ಪ್ರಶ್ನೆ ಕೇಳಬಾರದಂತೆ. ಇದು ಎಲ್ಲಿಂದ ಬಂತೋ, ಬೈಬಲ್ಲಿನಿಂದಂತೂ ಬಂದದ್ದಲ್ಲ.

ಯೋಬನನ್ನೇ ತೆಗೆದುಕೊಳ್ಳಿ. "ಯೋಬನ ತಾಳ್ಮೆ" ಅಂತ ಹೇಳಿ ಹೇಳಿ, ಅವನು ಏನು ಬಂದರೂ ಸುಮ್ಮನೆ ಸಹಿಸಿಕೊಂಡು ಕೂತಿದ್ದ ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಪುಸ್ತಕದ ಮೊದಲ ಎರಡು ಅಧ್ಯಾಯ ಮಾತ್ರ ಓದಿದರೆ ಹಾಗೇ ಅನ್ನಿಸುತ್ತದೆ. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ, ಹತ್ತು ಮಂದಿ ಮಕ್ಕಳು, ಎಲ್ಲ ಹೋದ ಮೇಲೂ "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಅನ್ನುತ್ತಾನೆ. ಆದರೆ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ಮೂರನೆಯ ಅಧ್ಯಾಯದಲ್ಲೇ ಅದೇ ಯೋಬ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಅಲ್ಲಿಂದ ಮುಂದೆ ಅಳುತ್ತಾನೆ, ವಾದ ಮಾಡುತ್ತಾನೆ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ.

ಅವನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಎಲೀಫಜ, ಬಿಲ್ದದ, ಚೋಫರ. ಮೊದಲು ಅವರು ಮಾಡಿದ್ದು ಬಹಳ ಒಳ್ಳೆಯ ಕೆಲಸ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ನನ್ನನ್ನು ಕೇಳಿದರೆ ಅವರು ಎಂಟನೆಯ ದಿನವೂ ಹಾಗೇ ಕೂತಿರಬೇಕಿತ್ತು. ಬಾಯಿ ಬಿಟ್ಟಿದ್ದೇ ತಪ್ಪಾಯಿತು. ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ಇದು ಯಾಕೆ ಬರುತ್ತದೆ? ನಿನ್ನ ಮಕ್ಕಳು ತಪ್ಪು ಮಾಡಿರಬೇಕು. ನೀನು ತಿದ್ದಿಕೊಂಡರೆ ಎಲ್ಲ ಸರಿಹೋಗುತ್ತದೆ. ಈ ಮಾತುಗಳನ್ನು ನಾವೂ ಕೇಳಿದ್ದೇವೆ. ನಿಜ ಹೇಳಬೇಕೆಂದರೆ ಆಡಿದ್ದೇವೆ ಕೂಡ. ಮಗು ತೀರಿಕೊಂಡ ಮನೆಗೆ ಹೋಗಿ "ದೇವರ ಚಿತ್ತ" ಅಂದು ಎದ್ದುಬರುತ್ತೇವೆ. ಹಾಗೆ ಹೇಳಿದರೆ ನಮ್ಮ ಮನಸ್ಸು ಹಗುರವಾಗುತ್ತದೆಯೇ ಹೊರತು ಕೇಳಿದವರದ್ದಲ್ಲ.

38ನೇ ಅಧ್ಯಾಯದಲ್ಲಿ ದೇವರು ಮಾತಾಡುತ್ತಾನೆ. ಕಾರಣ ಹೇಳುತ್ತಾನೆ ಅಂತ ಕಾದರೆ, ಇಲ್ಲ, ಪ್ರಶ್ನೆ ಕೇಳುತ್ತಾನೆ. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನು ಎಲ್ಲಿದ್ದೆ? ಕಾಡುಮೇಕೆ ಮರಿ ಹಾಕುವ ಹೊತ್ತು ನಿನಗೆ ಗೊತ್ತೇ? ಮನುಷ್ಯರೇ ಇಲ್ಲದ ಬಯಲಿನ ಮೇಲೆ ಮಳೆ ಸುರಿಸುವವರು ಯಾರು? ಮೊದಲ ಸಲ ಓದಿದಾಗ ಇದು ಗದರಿಕೆಯ ಹಾಗೆ ಕೇಳುತ್ತದೆ. ಗದರಿಕೆಯೂ ಹೌದು. ಆದರೆ ಆ ಮಳೆಯ ಮಾತನ್ನು ಗಮನಿಸಿ. ಯಾರೂ ನೋಡದ ಜಾಗದಲ್ಲೂ ದೇವರು ಕೆಲಸ ಮಾಡುತ್ತಿದ್ದಾನೆ, ಯಾರ ಗಮನಕ್ಕೂ ಬಾರದ ಮೇಕೆಯ ಹೆರಿಗೆಯನ್ನೂ ನೋಡಿಕೊಳ್ಳುತ್ತಿದ್ದಾನೆ. ಲೋಕವನ್ನು ಎತ್ತಿ ಹಿಡಿಯುವುದು ಯೋಬನ ಕೆಲಸವಲ್ಲ. ತನ್ನ ಬದುಕಿನ ಲೆಕ್ಕ ಪೂರ್ತಿ ಅರ್ಥವಾದರೆ ಮಾತ್ರ ಬದುಕಬಲ್ಲೆ ಅನ್ನುವ ಹಟವನ್ನು ಅವನು ಅಲ್ಲಿ ಇಳಿಸುತ್ತಾನೆ. ಕಷ್ಟದ ಕಾರಣ ಅವನಿಗೆ ಕೊನೆಗೂ ಗೊತ್ತಾಗುವುದಿಲ್ಲ. ಸೈತಾನ ಅವನನ್ನು ಪರೀಕ್ಷಿಸಲು ದೇವರ ಅಪ್ಪಣೆ ಪಡೆದದ್ದು ಮೊದಲ ಎರಡು ಅಧ್ಯಾಯ ಓದುವ ನಮಗೆ ಗೊತ್ತು, ಅವನಿಗೆ ಯಾರೂ ಹೇಳಲಿಲ್ಲ.

ಇನ್ನು ಆ ಮೂವರು. 42ನೇ ಅಧ್ಯಾಯದ 7ನೇ ವಚನದಲ್ಲಿ ದೇವರು ಎಲೀಫಜನಿಗೆ ಹೇಳುತ್ತಾನೆ, ನೀವು ನನ್ನ ವಿಷಯದಲ್ಲಿ ನನ್ನ ಸೇವಕನಾದ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅಂತ. ಕೂಗಾಡಿದವನ ಮಾತು ಸರಿ, ದೇವರ ಪರವಾಗಿ ವಕಾಲತ್ತು ಮಾಡಿದವರ ಮಾತು ತಪ್ಪು! ಅಷ್ಟೇ ಅಲ್ಲ, ಯೋಬ ನಿಮಗಾಗಿ ಪ್ರಾರ್ಥಿಸಲಿ ಅನ್ನುತ್ತಾನೆ. ಬುದ್ಧಿ ಹೇಳಲು ಬಂದವರು ಈಗ ಬೂದಿಯಲ್ಲಿ ಕೂತವನ ಪ್ರಾರ್ಥನೆಗೆ ಕಾಯಬೇಕು. ತಗ್ಗುವ ಸರದಿ ಅವರದ್ದಾಯಿತು.

ಅಳುವುದಕ್ಕೆ ಬೈಬಲ್ಲಿನಲ್ಲಿ ಎಷ್ಟು ಜಾಗ ಇದೆ ಅಂತ ಗೊತ್ತಾಗಬೇಕಾದರೆ ಕೀರ್ತನೆಗಳನ್ನು ತೆರೆಯಿರಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನ ಹಾಡುಗಳು. 13ನೇ ಕೀರ್ತನೆಯ ಮೊದಲ ಎರಡು ವಚನದಲ್ಲೇ "ಎಷ್ಟರವರೆಗೆ?" ಅನ್ನುವ ಕೇಳಿಕೆ ನಾಲ್ಕು ಸಲ ಬರುತ್ತದೆ. ಬಹುತೇಕ ಗೋಳಿನ ಕೀರ್ತನೆಗಳು ಕೊನೆಯಲ್ಲಿ ಹೇಗೋ ಸ್ತುತಿಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತೆಗೆದುಹಾಕಲಿಲ್ಲ, ಕೊನೆಗೆ ಒಂದು ಸಮಾಧಾನದ ಸಾಲು ಸೇರಿಸಲೂ ಇಲ್ಲ. ಅದೂ ಪ್ರಾರ್ಥನೆಯೇ ಅಂತ ಉಳಿಸಿಕೊಂಡರು. ನಮ್ಮ ಆರಾಧನೆಯ ಹಾಡುಗಳಲ್ಲಿ ಇಂಥದ್ದು ಎಷ್ಟಿವೆ? ಹೆಚ್ಚಿನವೆಲ್ಲ ಜಯಘೋಷ. ಇದು ನನ್ನ ಹಳೆಯ ದೂರು, ಇರಲಿ ಬಿಡಿ.

ಪ್ರವಾದಿ ಎಲೀಯನ ಕಥೆಗೆ ಬರೋಣ. ಮೊದಲನೆಯ ಅರಸುಗಳು, 19ನೇ ಅಧ್ಯಾಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದಣಿದ ಮನಸ್ಸಿನ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಬರೆದದ್ದನ್ನು ನಾನು ಬೇರೆ ಕಡೆ ಓದಿದ್ದು ಕಡಿಮೆ. ಹಿಂದಿನ ಅಧ್ಯಾಯದಲ್ಲಷ್ಟೇ ಅವನು ಕರ್ಮೆಲ್ ಬೆಟ್ಟದ ಮೇಲೆ ಬಾಳ ಅನ್ನುವ ದೇವತೆಯ ಪ್ರವಾದಿಗಳ ಎದುರು ದೊಡ್ಡ ಗೆಲುವು ಕಂಡಿದ್ದ. ರಾಣಿ ಈಜೆಬೆಲಳಿಂದ ಕೊಲ್ಲುವ ಬೆದರಿಕೆ ಬಂದದ್ದೇ ತಡ, ಓಡಿದ. ಬೇರ್ಷೆಬಕ್ಕೆ ಬಂದು ಜೊತೆಗಿದ್ದ ಸೇವಕನನ್ನು ಅಲ್ಲೇ ಬಿಟ್ಟ. ತಾನೊಬ್ಬನೇ ಅಡವಿಯೊಳಗೆ ಒಂದು ದಿನದ ದಾರಿ ನಡೆದ. ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂದ.

ಸೇವಕನನ್ನು ಬಿಟ್ಟ ಆ ಸಣ್ಣ ವಿವರವನ್ನು ನಾವು ದಾಟಿಹೋಗುತ್ತೇವೆ. ಕುಗ್ಗಿದ ಮನುಷ್ಯ ಮೊದಲು ಮಾಡುವುದು ಅದನ್ನೇ ಅಲ್ವಾ? ಫೋನ್ ಎತ್ತುವುದಿಲ್ಲ. ಬಾಗಿಲು ಹಾಕಿಕೊಳ್ಳುತ್ತಾನೆ. ಇನ್ನೊಬ್ಬರಿಗೆ ಯಾಕೆ ತೊಂದರೆ ಅನ್ನುತ್ತಾನೆ.

ದೇವರು ಏನು ಮಾಡಿದ? ಉಪದೇಶ ಮಾಡಲಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿದ, ಮತ್ತೆ ಊಟ. ಎರಡನೆಯ ಸಲ ದೂತ ಹೇಳುವ ಮಾತು ನೋಡಿ: ತಿನ್ನು, ನಿನ್ನ ಶಕ್ತಿಗೆ ಮೀರಿದ ದಾರಿ ಇದೆ. ನಿನ್ನ ನಂಬಿಕೆ ಕಡಿಮೆ ಅನ್ನಲಿಲ್ಲ. ದಾರಿಯೇ ದೊಡ್ಡದು ಅಂದ. ನಿದ್ದೆ, ಊಟ, ನೀರು, ಅದಾದ ಮೇಲೆ ಹೋರೇಬ್ ಬೆಟ್ಟದವರೆಗೆ ನಲವತ್ತು ದಿನದ ನಡಿಗೆ. ಮಾತುಕತೆ ಆಮೇಲೆ.

ಆ ಮಾತುಕತೆಯಲ್ಲಿ ಎಲೀಯ ಎರಡು ಸಲ ಒಂದೇ ದೂರು ಹೇಳುತ್ತಾನೆ. ನಾನೊಬ್ಬನೇ ಉಳಿದಿದ್ದೇನೆ, ನನ್ನನ್ನೂ ಕೊಲ್ಲಲು ನೋಡುತ್ತಿದ್ದಾರೆ. ಆ ಮಾತಿನಲ್ಲಿ ನೋವಿದೆ, ನಿಜ. ಸ್ವಲ್ಪ ಹೆಮ್ಮೆಯೂ ಇದೆ ಅಂತ ನನಗೆ ಅನ್ನಿಸುತ್ತದೆ. ಎಲ್ಲ ನನ್ನ ಹೆಗಲ ಮೇಲೇ ಇದೆ, ನಾನಿಲ್ಲದಿದ್ದರೆ ದೇವರ ಕೆಲಸವೇ ನಿಂತುಹೋಗುತ್ತದೆ ಅನ್ನುವ ಹೆಮ್ಮೆ. ದೇವರ ಉತ್ತರ ಮೆಲ್ಲಗೆ ಅದನ್ನು ಇಳಿಸುತ್ತದೆ. ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನ ಇನ್ನೂ ಇದ್ದಾರೆ. ಹೋಗು, ನಿನ್ನ ಜಾಗಕ್ಕೆ ಎಲೀಷನನ್ನು ಅಭಿಷೇಕಿಸು. ನೀನು ಒಬ್ಬನಲ್ಲ, ನೀನೇ ಕೊನೆಯವನೂ ಅಲ್ಲ. ಕೇಳಲು ಸ್ವಲ್ಪ ಚುಚ್ಚುತ್ತದೆ, ಆದರೆ ಇದಕ್ಕಿಂತ ದೊಡ್ಡ ಸಮಾಧಾನ ಅವನಿಗೆ ಬೇರೆ ಯಾವುದಿತ್ತು? ಎಲೀಯ ಅಲ್ಲಿಂದ ಹೊರಟವನೇ ಎಲೀಷನನ್ನು ಹುಡುಕುತ್ತಾನೆ. ಆಮೇಲೆ ಅವನು ಒಬ್ಬನೇ ತಿರುಗುವುದಿಲ್ಲ.

ಯೇಸುವಿನ ಕಡೆಯ ರಾತ್ರಿ ನಿಮಗೆಲ್ಲ ಗೊತ್ತಿರುವುದೇ. ನಾನು ಒಂದೇ ವಿಷಯಕ್ಕೆ ಬೆರಳು ಮಾಡುತ್ತೇನೆ. ಗೆತ್ಸೇಮನೆ ತೋಟದಲ್ಲಿ ಅವರು ಪೇತ್ರ, ಯಾಕೋಬ, ಯೋಹಾನ ಮೂವರನ್ನು ಹತ್ತಿರ ಕರೆದು, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ನನ್ನ ಜೊತೆ ಎಚ್ಚರವಾಗಿರಿ ಅಂದರು. ದೇವಕುಮಾರ ಅಂತ ನಾವು ನಂಬುವವರು ಮೂವರು ಮೀನುಗಾರರ ಜೊತೆ ಬೇಡಿದರು. ಅವರೋ ನಿದ್ದೆ ಹೋದರು. ಮರುದಿನ ಶಿಲುಬೆ ಹೊರುವಾಗ ಕುರೇನೆಯ ಸೀಮೋನ ಅನ್ನುವ ದಾರಿಹೋಕನ ಹೆಗಲು ಬೇಕಾಯಿತು. ಶಿಲುಬೆಯ ಮೇಲೆ ಕೂಗಿದ "ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಅನ್ನುವ ಮಾತು 22ನೇ ಕೀರ್ತನೆಯ ಮೊದಲ ಸಾಲು. ಹಿಂದಿನವರು ಅತ್ತ ಮಾತನ್ನೇ ತಮ್ಮ ಅಳುವಿಗೆ ಪಡೆದುಕೊಂಡರು. ಅವರೇ ಇಷ್ಟು ಕೇಳಿ ಪಡೆದಿರುವಾಗ, ಯಾರ ಹಂಗೂ ಬೇಡ ಅನ್ನುವ ನಮ್ಮ ಬಿಗುಮಾನ ಯಾರಿಂದ ಕಲಿತದ್ದು?

ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಪೌಲನ ವಿಷಯದಲ್ಲಿ ನಾವು ಇನ್ನೂ ದೊಡ್ಡ ತಪ್ಪು ಮಾಡುತ್ತೇವೆ. ಅವನನ್ನು ಉಕ್ಕಿನ ಮನುಷ್ಯ ಮಾಡಿಟ್ಟಿದ್ದೇವೆ. ಕೊರಿಂಥದವರಿಗೆ ಅವನು ಬರೆದ ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ ಅವನು ಪಟ್ಟ ಕಷ್ಟಗಳ ಪಟ್ಟಿ ಇದೆ. ಐದು ಸಲ ಮೂವತ್ತೊಂಬತ್ತು ಏಟು, ಮೂರು ಸಲ ಕೋಲಿನ ಪೆಟ್ಟು, ಒಂದು ಸಲ ಕಲ್ಲೇಟು, ಮೂರು ಸಲ ಹಡಗು ಒಡೆದದ್ದು. ಓದಿದರೆ ಮೈ ಝುಂ ಅನ್ನುತ್ತದೆ. ಆದರೆ ಆ ಪಟ್ಟಿ ಎಲ್ಲಿ ಹೋಗಿ ನಿಲ್ಲುತ್ತದೆ ನೋಡಿ. ದಮಸ್ಕದಲ್ಲಿ ಹಿಡಿಯಲು ಬಂದಾಗ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಕೂರಿಸಿ ತನ್ನನ್ನು ಇಳಿಸಿದ್ದು. ಬುಟ್ಟಿಯಲ್ಲಿ ಕೂತ ಅಪೊಸ್ತಲ! ಹೊಗಳಿಕೊಳ್ಳಲೇಬೇಕಾದರೆ ನನ್ನ ಬಲಹೀನತೆಯನ್ನೇ ಹೇಳಿಕೊಳ್ಳುತ್ತೇನೆ ಅಂದವನು ಈ ಕಥೆಯನ್ನು ಬೇಕೆಂತಲೇ ಸೇರಿಸಿದ್ದಾನೆ. ಮುಂದಿನ ಅಧ್ಯಾಯದಲ್ಲೇ, ತನ್ನನ್ನು ಬಿಡದೆ ಕಾಡುತ್ತಿದ್ದ ಒಂದು ಕಷ್ಟವನ್ನು ಅವನು ಶರೀರದಲ್ಲಿ ನೆಟ್ಟ ಮುಳ್ಳು ಅಂತ ಕರೆಯುವ ಮಾತು ಬರುತ್ತದೆ. ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಪ್ರಾರ್ಥಿಸಿದರೆ ಎಲ್ಲ ಕಷ್ಟವೂ ತೊಲಗುತ್ತದೆ, ತೊಲಗದಿದ್ದರೆ ನಿಮ್ಮ ನಂಬಿಕೆಯಲ್ಲೇ ದೋಷ ಅಂತ ಬೋಧಿಸುವವರು ಪೌಲನಿಗೆ ಏನು ಹೇಳುತ್ತಾರೋ ಕೇಳಬೇಕು.

ಅದೇ ಪತ್ರದ 7ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೊರಗೆ ಜಗಳ, ಒಳಗೆ ಭಯ, ಹೀಗೆ ಕುಗ್ಗಿದ್ದಾಗ ದೇವರು ನಮ್ಮನ್ನು ಸಂತೈಸಿದನು ಅನ್ನುತ್ತಾನೆ ಪೌಲ. ಹೇಗೆ? ದರ್ಶನದಿಂದಲ್ಲ. ತೀತ ಬಂದದ್ದರಿಂದ. ಸ್ನೇಹಿತನೊಬ್ಬ ಬಂದ, ಅಷ್ಟೇ. ಪೌಲ ಅದನ್ನು ದೇವರು ಕೊಟ್ಟ ಸಮಾಧಾನ ಅಂತ ಬರೆದ. ಫಿಲಿಪ್ಪಿಯವರಿಗೆ ಸೆರೆಯಿಂದ ಬರೆದ ಪತ್ರದಲ್ಲೂ ಹೀಗೇ. 4ನೇ ಅಧ್ಯಾಯದ 13ನೇ ವಚನವನ್ನು ಎಲ್ಲರೂ ಹೇಳುತ್ತಾರೆ, ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಅಂತ. ಪರೀಕ್ಷೆಗೂ ಪಂದ್ಯಕ್ಕೂ ಅದೇ ವಚನ. 14ನೆಯದನ್ನೂ ಓದಬೇಕಲ್ಲ: ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು. ಎಲ್ಲಕ್ಕೂ ಶಕ್ತ ಅಂದವನೇ, ಎಪಫ್ರೊದೀತನ ಕೈಯಲ್ಲಿ ನೀವು ಕಳಿಸಿದ್ದು ಮುಟ್ಟಿತು, ಒಳ್ಳೆಯದಾಯಿತು ಅನ್ನುತ್ತಾನೆ. ಎರಡೂ ಅವನೊಬ್ಬನ ಮಾತೇ. ಎರಡರಲ್ಲೂ ಸುಳ್ಳಿಲ್ಲ.

ಇದೆಲ್ಲ ಹಳೆಯ ಕಾಲದ್ದು ಅನ್ನಿಸಿದರೆ ಒಬ್ಬರನ್ನು ಮಾತ್ರ ನೆನೆಯುತ್ತೇನೆ. ಡೀಟ್ರಿಕ್ ಬೊನ್‌ಹೋಫರ್, ಜರ್ಮನಿಯ ಪಾದ್ರಿ. ಹಿಟ್ಲರನ ಆಡಳಿತವನ್ನು ವಿರೋಧಿಸಿ 1943ರ ಏಪ್ರಿಲ್‌ನಲ್ಲಿ ಸೆರೆಯಾದರು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ. 1944ರಲ್ಲಿ ಸೆರೆಮನೆಯಲ್ಲೇ ಒಂದು ಕವಿತೆ ಬರೆದರು. ಅದರಲ್ಲಿ ಅವರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ನಾನು ಶಾಂತನಾಗಿ, ಧೈರ್ಯವಾಗಿ ನಡೆಯುತ್ತೇನೆ ಅಂತ ಸುತ್ತಲಿನವರು ಹೇಳುತ್ತಾರೆ. ಒಳಗೆ ನೋಡಿದರೆ ಚಡಪಡಿಕೆ, ದಣಿವು, ಪ್ರಾರ್ಥಿಸಲೂ ಆಗದ ಖಾಲಿತನ. ಹಾಗಾದರೆ ನಾನು ಯಾರು? ಈ ಎರಡರಲ್ಲಿ ಯಾವುದು ನಿಜವಾದ ನಾನು? ಆ ಪ್ರಶ್ನೆಗೆ ಅವರು ಉತ್ತರ ಕಂಡುಕೊಳ್ಳುವುದಿಲ್ಲ. ನಾನು ಯಾರೇ ಆಗಿರಲಿ, ದೇವರೇ, ನಾನು ನಿನ್ನವನು ಅಂತ ಅದನ್ನು ದೇವರ ಕೈಗೆ ಕೊಟ್ಟುಬಿಡುತ್ತಾರೆ. ತಾನು ಧೈರ್ಯವಂತನೋ ಅಲ್ಲವೋ ಅನ್ನುವ ಲೆಕ್ಕವನ್ನೂ ಇಳಿಸಿಬಿಡುವುದು, ನನ್ನ ಮಟ್ಟಿಗೆ ನಮ್ರತೆಯ ತುತ್ತತುದಿ. ಕಷ್ಟ ಬಂದಾಗ ನಾವು ಕಷ್ಟವನ್ನು ಹೊರುವುದರ ಜೊತೆಗೆ, ನಾನು ಇದನ್ನು ಚೆನ್ನಾಗಿ ಎದುರಿಸುತ್ತಿದ್ದೇನಾ ಅನ್ನುವ ಇನ್ನೊಂದು ಭಾರವನ್ನೂ ಹೊರುತ್ತೇವೆ. ಎರಡನೆಯದು ಸುಮ್ನೆ ಹೊತ್ತದ್ದು.

ಒಂದು ಮಾತು ಹೇಳಿ ಪ್ರಶ್ನೆಗಳಿಗೆ ಹೋಗುತ್ತೇನೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಅನ್ನುವ ಆಹಾರ ಬೀಳುತ್ತಿತ್ತು. ನಾಳೆಗೆ ಅಂತ ಎತ್ತಿಟ್ಟರೆ ಹುಳ ಬಿದ್ದು ನಾರುತ್ತಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಬಹುದಿತ್ತು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಈ ಹೊತ್ತಿನ ಆಹಾರವನ್ನೇ ಕೇಳುತ್ತೇವೆ. ದೊಡ್ಡ ಕಾಯಿಲೆ ಬಂದ ಮನೆಯಲ್ಲಿ ಜನ ಹತ್ತು ವರ್ಷದ ಧೈರ್ಯವನ್ನು ಇವತ್ತೇ ಕೂಡಿಸಲು ನೋಡುತ್ತಾರೆ, ಸಿಗುವುದಿಲ್ಲ. ಇವತ್ತಿನ ಸಂಜೆಯವರೆಗಿನದು ಸಿಗುತ್ತದೆ.

ಇನ್ನು ಚೀಟಿಗಳು.

ಮೊದಲನೆಯದು: "ನಮ್ರತೆ ಅಂದರೆ ಅನ್ಯಾಯ ಮಾಡುವವರ ಮುಂದೆ ಸುಮ್ಮನಿರಬೇಕಾ? ಮನೆಯಲ್ಲಿ ಹೊಡೆತ ತಿನ್ನುವವರಿಗೆ ನೀವು ಏನು ಹೇಳುತ್ತೀರಿ?"

ಒಳ್ಳೆಯದಾಯಿತು, ಕೇಳಿದಿರಿ. ಇಲ್ಲ, ಸುಮ್ಮನಿರಬೇಕಿಲ್ಲ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಯೇಸುವಿನ ಕೆನ್ನೆಗೆ ಹೊಡೆದಾಗ ಅವರು ಕೇಳಿದ್ದು, ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ. ಯೋಹಾನನ ಸುವಾರ್ತೆ 18ನೇ ಅಧ್ಯಾಯದಲ್ಲಿದೆ. ಫಿಲಿಪ್ಪಿಯಲ್ಲಿ ಪೌಲನನ್ನೂ ಅವನ ಜೊತೆಗಾರನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು, ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದರು. ಪೌಲ ಒಪ್ಪಲಿಲ್ಲ. ನಾವು ರೋಮಿನ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅಂದ. ಬಂದರು, ಬೇಡಿಕೊಂಡರು. ಆಮೇಲೆ ಇನ್ನೊಂದು ಮೊಕದ್ದಮೆಯಲ್ಲಿ ರೋಮಿನ ಚಕ್ರವರ್ತಿ ಕೈಸರನವರೆಗೂ ಹೋಗುತ್ತೇನೆ ಅಂತ ಅಪೀಲು ಮಾಡಿದವನೂ ಅವನೇ. ಮನೆಯಲ್ಲಿ ಹೊಡೆತ ತಿನ್ನುವವರಿಗೆ "ಇದು ನಿನ್ನ ಶಿಲುಬೆ, ಹೊತ್ತುಕೋ" ಅಂತ ಹೇಳುವುದು ಪಾಪ. ಅವರು ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಲಿ. ಹಾಗೆ ಹೋಗಲು ಸಹಾಯ ಕೇಳುವುದೇ ನಾನು ಇಷ್ಟು ಹೊತ್ತು ಹೇಳಿದ ನಮ್ರತೆ.

ವೈದ್ಯರ ವಿಷಯವೂ ಇಲ್ಲೇ ಬರಲಿ, ಬೇರೆ ಯಾರೋ ಕೂತಲ್ಲಿಂದಲೇ ಕೇಳಿದರು. ಪೌಲನ ಜೊತೆಗಾರ ಲೂಕ ವೈದ್ಯ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವುದರಲ್ಲಿ ನಂಬಿಕೆಯ ಕೊರತೆ ಏನೂ ಇಲ್ಲ. ಡಾಕ್ಟರು ಹೇಳದೆ ನಿಲ್ಲಿಸಬೇಡಿ.

ಎರಡನೆಯ ಚೀಟಿ: "ತಿಂಗಳುಗಳಿಂದ ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ಬಾಯಿ ತೆರೆದರೆ ಮಾತೇ ಬರುವುದಿಲ್ಲ. ನನ್ನ ನಂಬಿಕೆ ಹೋಗಿಬಿಟ್ಟಿದೆಯಾ?"

ಹೋಗಿಲ್ಲ ಅಂತಲೇ ನನ್ನ ಎಣಿಕೆ. ಹೋಗಿದ್ದರೆ ಈ ಪ್ರಶ್ನೆ ನಿಮ್ಮನ್ನು ಇಷ್ಟು ಕಾಡುತ್ತಿರಲಿಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಪತ್ರಗಳು ಹೊರಬಂದಾಗ ಬಹಳ ಜನ ಬೆಚ್ಚಿದರು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯವೇ ಅನ್ನಿಸುತ್ತಿರಲಿಲ್ಲ, ಬರೀ ಕತ್ತಲು. ಆದರೂ ಕೆಲಸ ನಿಲ್ಲಿಸಲಿಲ್ಲ. ಆ ಕತ್ತಲನ್ನು ತಮ್ಮ ಗುರುಗಳಿಗೆ ಬರೆದು ತಿಳಿಸುತ್ತಲೂ ಇದ್ದರು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಏನು ಬೇಡಿಕೊಳ್ಳಬೇಕೋ ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಇದೆ. ಮಾತು ಬರುವುದಿಲ್ಲ ಅನ್ನುವುದು ಪೌಲನಿಗೂ ಗೊತ್ತಿತ್ತು.

ಇನ್ನೊಂದು ಕಥೆ ಇದೆ, ಮಾರ್ಕನ ಸುವಾರ್ತೆ 2ನೇ ಅಧ್ಯಾಯ. ನಡೆಯಲಾರದವನೊಬ್ಬನನ್ನು ನಾಲ್ವರು ಹೊತ್ತು ತಂದರು. ಜನಜಂಗುಳಿಯಲ್ಲಿ ದಾರಿ ಸಿಗದೆ ಚಾವಣಿ ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸಿದರು. (ಆ ಚಾವಣಿಯನ್ನು ಆಮೇಲೆ ಯಾರು ಸರಿಮಾಡಿಸಿದರೋ ಮಾರ್ಕ ಬರೆದಿಲ್ಲ.) ಯೇಸು "ಅವರ ನಂಬಿಕೆಯನ್ನು ನೋಡಿ" ಆ ಮನುಷ್ಯನ ಜೊತೆ ಮಾತಾಡಿದರು ಅಂತ ಇದೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ. ಅವನ ನಂಬಿಕೆ ಎಷ್ಟಿತ್ತು ಅಂತಲೂ ಯಾರೂ ಅಳೆಯಲಿಲ್ಲ. ಅವನು ಮಾಡಿದ್ದು ಒಂದೇ, ಹೊತ್ತುಕೊಂಡು ಹೋಗಲು ಬಿಟ್ಟದ್ದು.

ಹಾಗಾಗಿ ಈ ಚೀಟಿ ಬರೆದವರೇ, ಇಂಥದ್ದೇ ಇನ್ನೊಂದು ಚೀಟಿಯನ್ನು ನೀವು ನಂಬುವ ಒಬ್ಬರಿಗೆ ಬರೆಯಿರಿ. "ನನಗೆ ಈಗ ಆಗುತ್ತಿಲ್ಲ, ನನ್ನ ಬದಲು ನೀವು ಪ್ರಾರ್ಥಿಸಿ" ಅಂತ ಒಂದು ಸಾಲು ಸಾಕು. 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಮಾತು ಅಲ್ಲೇ ಸಿದ್ಧ ಇದೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಸಾಯಬೇಕು ಅನ್ನಿಸುತ್ತಿದೆ ಅನ್ನುವ ಹಾಗಿದ್ದರೆ ನಾಳೆಗೆ ಕಾಯಬೇಡಿ, ಈವತ್ತೇ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಚೀಟಿಯಲ್ಲಿ ಹೆಸರಿಲ್ಲ, ನೀವು ಯಾರು ಅಂತ ನಾನು ಕೇಳುವುದೂ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ನಾನು ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ, ಬಂದು ಮಾತಾಡಬಹುದು.